ವಾರಕ್ಕೆ ಎರಡು ಗಂಟೆ: ಮಡಿಕೇರಿಯ ಆಟದ ಅಂಗಳಗಳ ಸ್ವಯಂಸೇವೆ ಕುರಿತು ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಸದಸ್ಯರು ಹಾಗೂ ಪೌರಾಯುಕ್ತರು,
ನಗರಸಭೆ, ಮಡಿಕೇರಿ.

ಪ್ರತಿ: ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಅಧಿಕಾರಿಗಳು, ನಗರದ ಸಮಸ್ತ ನಾಗರಿಕರು.

ಮಾನ್ಯರೇ,

ನಮ್ಮ ನಗರದ ಮೈದಾನ, ಉದ್ಯಾನ, ಸಮುದಾಯ ಭವನ ಹಾಗೂ ಒಳಾಂಗಣ ಆಟದ ಸಭಾಂಗಣಗಳಲ್ಲಿ ವಾರಕ್ಕೆ ಎರಡು ಗಂಟೆ ಸಂಬಳವಿಲ್ಲದೆ ದುಡಿಯಲು ಒಪ್ಪುವ ನಾಗರಿಕರಿಗಾಗಿ ಒಂದು ನೋಂದಣಿ ಪುಸ್ತಕವನ್ನು ತೆರೆಯಬೇಕು, ಆ ಪುಸ್ತಕದ ಹೊಣೆಯನ್ನು ಹೆಸರು ಹೇಳಿ ಒಬ್ಬ ಸಿಬ್ಬಂದಿಗೆ ವಹಿಸಬೇಕು ಎಂದು ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಇದನ್ನು ಅರ್ಜಿಯಾಗಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದು ಮನೆಗೆ ಮರಳಬಹುದಿತ್ತು. ಆದರೆ ಕೋರಿಕೆಯ ಅರ್ಧ ಭಾಗ ತಮಗೆ ಸಲ್ಲುವುದಾದರೆ ಉಳಿದ ಅರ್ಧ ಈ ಊರಿನ ನಿವಾಸಿಗಳಿಗೆ ಸಲ್ಲಬೇಕಾದದ್ದು. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಈ ಜಿಲ್ಲೆಯ ಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ಹರಿದ ಬಲೆಯನ್ನು ಹೆಣೆಯುವುದು, ಕೊನೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸಿ ಕಳುಹಿಸುವುದು, ಇವೆಲ್ಲ ನನ್ನ ದಿನಚರಿಯೇ ಆಗಿದ್ದವು. ಆ ಅನುಭವದಿಂದ ತಿಳಿದಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಸ್ವಯಂಸೇವೆಯನ್ನು ನಮ್ಮ ಊರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ದಸರಾ ಹತ್ತಿರವಾದಂತೆ, ಹಗಲು ಅಂಗಡಿಯಲ್ಲೋ ಬ್ಯಾಂಕಿನಲ್ಲೋ ಗ್ಯಾರೇಜಿನಲ್ಲೋ ದುಡಿದ ಯುವಕರು ರಾತ್ರಿ ಹತ್ತು ದೇವಾಲಯಗಳ ಮಂಟಪ ಸಮಿತಿಗಳಲ್ಲಿ ಸೇರಿ ನಿದ್ದೆಗೆಟ್ಟು ಕೆಲಸ ಮಾಡುತ್ತಾರೆ, ವಿಜಯದಶಮಿಯ ರಾತ್ರಿ ದಶಮಂಟಪಗಳು ಬೀದಿಗಿಳಿದಾಗ ಬೆಳಗಾಗುವವರೆಗೂ ಅವುಗಳ ಜೊತೆಯಲ್ಲೇ ನಡೆಯುತ್ತಾರೆ. ಮಕ್ಕಳ ದಸರಾದ ದಿನ ಗಾಂಧಿ ಮೈದಾನದಲ್ಲಿ ಸಂತೆ ಹೂಡುವ ಪುಟ್ಟ ವ್ಯಾಪಾರಿಗಳ ಹಿಂದೆ ಸೊಪ್ಪು ಕಟ್ಟಿಕೊಡುವ, ಚಿಲ್ಲರೆ ಹೊಂದಿಸಿಕೊಡುವ ತಾಯಂದಿರೂ ಶಿಕ್ಷಕರೂ ಇರುತ್ತಾರೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ತಂಡಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ಕೂಟವಾಗಿ ಗಿನ್ನೆಸ್ ದಾಖಲೆಗೆ ಸೇರಿತು. ಪ್ರತಿ ವರ್ಷವೂ ಒಂದು ಕುಟುಂಬ ಆತಿಥ್ಯದ ಹೊಣೆಯನ್ನು ತನ್ನ ಹೆಗಲಿಗೆ ಹಾಕಿಕೊಳ್ಳುವುದರಿಂದಲೇ ಅದು ನಡೆದುಬಂದಿದೆ. ಗೌಡ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿ, ಹಳ್ಳಿಗಳ ಯುವಕ ಮಂಡಲಗಳ ಕೆಸರುಗದ್ದೆ ಕ್ರೀಡಾಕೂಟ, ಕೈಲ್‌ಪೊಳ್ದ್ ಹಬ್ಬದ ಸಂದರ್ಭದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಇವೂ ಹಾಗೆಯೇ ನಡೆಯುತ್ತವೆ.

ಇವೆಲ್ಲವೂ ಹಬ್ಬದ ಶ್ರಮ. ಹತ್ತು ದಿನವೋ ಒಂದು ತಿಂಗಳೋ ಮೈಮುರಿದು ದುಡಿಯುತ್ತೇವೆ. ಶಾಮಿಯಾನ ಬಿಚ್ಚಿದ ಮೇಲೆ ಅದೇ ಅಂಗಳದತ್ತ ತಿರುಗಿಯೂ ನೋಡುವುದಿಲ್ಲ. ಸಮುದಾಯದ ಆಟದ ಜಾಗಕ್ಕೆ ಬೇಕಾಗಿರುವುದು ಇನ್ನೊಂದು ಬಗೆಯ ಶ್ರಮ. ಪ್ರತಿ ಮಂಗಳವಾರ ಸಂಜೆ ನಾಲ್ಕು ಗಂಟೆಗೆ ಬೀಗ ತೆಗೆಯುವ, ಚೆಂಡುಗಳನ್ನು ಎಣಿಸಿ ಕೊಡುವ, ಆರು ಗಂಟೆಗೆ ಎಣಿಸಿ ಒಳಗಿಡುವ ಒಬ್ಬ ವ್ಯಕ್ತಿ ಬೇಕು. ಅದಕ್ಕೆ ಮೆರವಣಿಗೆಯೂ ಇಲ್ಲ, ಸನ್ಮಾನವೂ ಇಲ್ಲ. ನನ್ನ ತಿಳಿವಳಿಕೆಯ ಮಟ್ಟಿಗೆ ಆ ಕೆಲಸಕ್ಕೆ ಜನ ಬಾರದಿರುವುದಕ್ಕೆ ಮುಖ್ಯ ಕಾರಣ ಅಸಡ್ಡೆಯಲ್ಲ. ಬನ್ನಿ ಎಂದು ಅವರನ್ನು ಯಾರೂ ಕರೆದಿಲ್ಲ.

ಇದು ನನಗೆ ಮನವರಿಕೆಯಾದದ್ದು 2018ರ ಆಗಸ್ಟ್‌ನಲ್ಲಿ. ಗುಡ್ಡಗಳು ಕುಸಿದು ಮಕ್ಕಂದೂರು, ಕಾಲೂರು ಕಡೆಯ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳಿಗೆ ಬಂದಿದ್ದವು. ಅಕ್ಕಿ, ಕಂಬಳಿ, ಔಷಧ ಹಂಚಲು ಎಲ್ಲೆಲ್ಲಿಂದಲೋ ಬಂದವರು ಸಾಕಷ್ಟಿದ್ದರು. ನಾನು ಕೆಲವು ಹಳೆಯ ವಿದ್ಯಾರ್ಥಿನಿಯರೊಂದಿಗೆ ಒಂದು ಕೇಂದ್ರದ ಮಕ್ಕಳ ಬಳಿಗೆ ಎರಡು ಕೇರಂ ಬೋರ್ಡು, ಸ್ಕಿಪ್ಪಿಂಗ್ ಹಗ್ಗ, ಒಂದು ವಾಲಿಬಾಲ್ ತೆಗೆದುಕೊಂಡು ಹೋಗಿದ್ದೆ. ಮೊದಲ ಎರಡು ದಿನ ಮಕ್ಕಳು ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನವೂ ಅದೇ ಹೊತ್ತಿಗೆ ನಾವು ಹೋದಾಗ ಏಳೆಂಟು ವರ್ಷದ ಒಬ್ಬ ಹುಡುಗ ಬಾಗಿಲಲ್ಲೇ ಕಾದು ನಿಂತಿದ್ದ. ಅವನು ಕೇಳಿದ್ದು ಆಟದ ಸಾಮಾನನ್ನಲ್ಲ. "ಟೀಚರ್, ನಾಳೆಯೂ ಇದೇ ಟೈಮಿಗೆ ಬರ್ತೀರಲ್ಲ?" ಎಂದು ಕೇಳಿದ. ಮನೆ, ಗದ್ದೆ, ಶಾಲೆಗೆ ಹೋಗುವ ದಾರಿ ಎಲ್ಲವೂ ಒಂದೇ ರಾತ್ರಿಯಲ್ಲಿ ಇಲ್ಲವಾಗಿದ್ದ ಆ ಮಗುವಿಗೆ ಹೇಳಿದ ಹೊತ್ತಿಗೆ ಬರುವ ಒಬ್ಬ ಮನುಷ್ಯ ಬೇಕಾಗಿತ್ತು. ಸರದಿಯಂತೆ ನಿಗದಿತ ಸಮಯಕ್ಕೆ ಬರುವ ಸ್ವಯಂಸೇವಕರಿಗಾಗಿ ನಾನು ಇಷ್ಟು ಒತ್ತಾಯಿಸುತ್ತಿರುವುದು ಆ ದಿನಗಳನ್ನು ನೆನೆದು.

ಈಗ ನಮ್ಮ ಊರಿನ ವಿಶೇಷ ಸಮಸ್ಯೆಗೆ ಬರುತ್ತೇನೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಶಾಲೆ ಆರಂಭವಾಗುವುದೂ ಆ ಹೊತ್ತಿಗೇ. ಅಂದರೆ ಶೈಕ್ಷಣಿಕ ವರ್ಷದ ಮೊದಲ ನಾಲ್ಕು ತಿಂಗಳು ನಮ್ಮ ಮಕ್ಕಳಿಗೆ ಬಯಲಿನ ಆಟವೇ ಇಲ್ಲ. ಜನರಲ್ ತಿಮ್ಮಯ್ಯನವರ ಹೆಸರಿನ ಕ್ರೀಡಾಂಗಣವಿರಲಿ, ಬಡಾವಣೆಯ ಚಿಕ್ಕ ಅಂಗಳವಿರಲಿ, ಜುಲೈ ತಿಂಗಳ ಮಂಜು ಮತ್ತು ಗಾಳಿಮಳೆಯಲ್ಲಿ ಎಲ್ಲವೂ ಒಂದೇ. ಆಗ ಉಳಿಯುವುದು ಸೂರಿರುವ ಜಾಗಗಳು ಮಾತ್ರ. ಮದುವೆ, ಸಭೆಗಳಿಲ್ಲದ ದಿನ ಸಮುದಾಯ ಭವನಗಳು ಬೀಗ ಹಾಕಿಕೊಂಡಿರುತ್ತವೆ. ಮಳೆಗಾಲದಲ್ಲಿ ಮದುವೆಗಳೂ ಕಡಿಮೆ. ಅದೇ ಹೊತ್ತಿನಲ್ಲಿ ಗಾಳಿಬೀಡು, ಮಕ್ಕಂದೂರು ಕಡೆಯ ಮಕ್ಕಳು ಶಾಲೆ ಬಿಟ್ಟ ಮೇಲೆ ಬಸ್ಸಿಗಾಗಿ ಕೊಡೆ ಮುದುರಿಕೊಂಡು ನಿಲ್ದಾಣದಲ್ಲಿ ಒಂದೊಂದು ಗಂಟೆ ನಿಂತಿರುವುದನ್ನು ನಾನು ಎಷ್ಟೋ ವರ್ಷ ನೋಡಿದ್ದೇನೆ. ಆ ಒಂದು ಗಂಟೆಯನ್ನು ಆ ಬೀಗ ಹಾಕಿದ ಬಾಗಿಲಿಗೆ ಜೋಡಿಸುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಬಾಗಿಲ ಬಳಿ ನಂಬಿಕಸ್ತ ಇಬ್ಬರು ಹಿರಿಯರಿದ್ದರೆ ಆದೀತು.

ಅವರು ಮಾಡಬೇಕಾದ ಕೆಲಸ ಏನೆಂಬುದನ್ನೂ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸ್ವಯಂಸೇವೆ ಎಂದೊಡನೆ ಭಾಷಣವನ್ನೋ ಕಸ ಹೆಕ್ಕುವುದನ್ನೋ ಮಾತ್ರ ನೆನೆಯುವವರಿದ್ದಾರೆ. ಶಟಲ್ ಅಂಕಣಕ್ಕೆ 13.4 ಮೀಟರ್ ಉದ್ದ, 6.1 ಮೀಟರ್ ಅಗಲದ ಜಾಗ ಸಾಕು. ಸಾಧಾರಣ ಸಭಾಂಗಣದಲ್ಲಿ ಒಂದು ಅಂಕಣ ಧಾರಾಳವಾಗಿ ಹಿಡಿಯುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ. ಕೆಸರಿನ ಬೂಟಿನಲ್ಲಿ ಬಂದ ಹುಡುಗ ಒದ್ದೆ ನೆಲದ ಮೇಲೆ ಓಡಿದರೆ ಮೊಣಕಾಲಿಗೋ ಮಣಿಕಟ್ಟಿಗೋ ಪೆಟ್ಟು ಖಂಡಿತ. ಬಾಗಿಲಲ್ಲಿ ಗೋಣಿಚೀಲ ಹಾಸಿ, ಬೂಟು ಕಳಚಿಸಿ, ಒಣಬಟ್ಟೆಯಿಂದ ನೆಲ ಒರೆಸಿದ ಮೇಲೆಯೇ ಬಲೆ ಕಟ್ಟಬೇಕು. ಆಟ ಮುಗಿದ ಮೇಲೆ ಬಲೆಯನ್ನು ಮಡಿಸಿಡದೆ ತೂಗುಹಾಕಬೇಕು, ಇಲ್ಲವಾದರೆ ಎರಡು ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಉಳುಕಿದ ಕಾಲನ್ನು ಎಣ್ಣೆ ಹಾಕಿ ನೀವಬಾರದು, ವಿಶ್ರಾಂತಿ ಕೊಟ್ಟು ತಣ್ಣನೆಯ ಪಟ್ಟಿ ಇಟ್ಟು ಕಾಲನ್ನು ಎತ್ತರದಲ್ಲಿರಿಸಬೇಕು ಎಂಬುದನ್ನು ತಿಳಿದವರು ಅಲ್ಲಿರಬೇಕು. ಗಟ್ಟಿಗ ಹುಡುಗರು ಕೇರಂ ಬೋರ್ಡನ್ನು ಹಿಡಿದುಕೊಂಡು ಕೂತಾಗ ಚಿಕ್ಕವರಿಗೆ ಸರದಿ ಕೊಡಿಸುವವರು ಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು: ಜವಾಬ್ದಾರಿಯುತ ಹೆಂಗಸೊಬ್ಬರು ಅಲ್ಲಿದ್ದಾರೆ ಎಂದು ತಿಳಿದರೆ ಮಾತ್ರ ಅನೇಕ ಮನೆಗಳಲ್ಲಿ ಹನ್ನೆರಡು ದಾಟಿದ ಹುಡುಗಿಯನ್ನು ಆಟಕ್ಕೆ ಕಳುಹಿಸುತ್ತಾರೆ. ಓಟಗಾರ್ತಿ ಅಶ್ವಿನಿ ನಾಚಪ್ಪ, ಬ್ಯಾಡ್ಮಿಂಟನ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಅವರ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಜಿಲ್ಲೆಯಲ್ಲಿ ಎಷ್ಟೋ ಹುಡುಗಿಯರು ಏಳನೆಯ ತರಗತಿಗೇ ಆಟ ಬಿಡುವುದನ್ನು ಕಂಡು ನಾನು ನೊಂದಿದ್ದೇನೆ.

ನೋಂದಣಿ, ಹೊಣೆಗಾರ ಸಿಬ್ಬಂದಿ ಎಂದು ನಾನು ಪಟ್ಟು ಹಿಡಿಯುವುದಕ್ಕೆ ಒಂದು ಕಹಿ ಅನುಭವ ಕಾರಣ. ಬಹಳ ವರ್ಷಗಳ ಹಿಂದೆ, ನಾನು ಕೆಲಸದಲ್ಲಿದ್ದ ಬೇರೊಂದು ಊರಿನಲ್ಲಿ, ನಾವು ಆರು ಮಂದಿ ಸೇರಿ ಒಂದು ಸಾರ್ವಜನಿಕ ಸಭಾಂಗಣದಲ್ಲಿ ಸಂಜೆ ಮಕ್ಕಳಿಗೆ ಟೇಬಲ್ ಟೆನಿಸ್ ಆಡಿಸತೊಡಗಿದೆವು. ಬಾಯಿಮಾತಿನ ಅನುಮತಿ ಸಿಕ್ಕಿತ್ತು. ಒಂದು ವಾರ ಬೀಗದ ಕೈ ಕಾವಲುಗಾರನ ಬಳಿ, ಮರುವಾರ ಯಾರ ಬಳಿ ಎಂದು ಯಾರಿಗೂ ತಿಳಿಯದು. ಮಕ್ಕಳು ಬಂದು ಜಗಲಿಯಲ್ಲಿ ಕೂತು ಮರಳಿದ ದಿನಗಳೇ ಹೆಚ್ಚಾದವು. ಅನುಮತಿ ಕೊಟ್ಟವರಿಗೆ ವರ್ಗವಾಯಿತು. ಹೊಸಬರು ಕಾಗದ ಎಲ್ಲಿದೆ ಎಂದು ಕೇಳಿದರು. ಅಷ್ಟರಲ್ಲಿ ಒಂದು ಮಗು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿತು. ಆಸ್ಪತ್ರೆಯ ಖರ್ಚನ್ನು ನಾವು ಆರು ಮಂದಿ ಹಂಚಿಕೊಂಡು ಕೊಟ್ಟೆವು, ಅದರಲ್ಲಿ ನನಗೆ ಬೇಸರವಿರಲಿಲ್ಲ. ಆದರೆ "ನಿಮ್ಮನ್ನು ಇಲ್ಲಿಗೆ ಬರಹೇಳಿದವರು ಯಾರು?" ಎಂದು ಆ ಮಗುವಿನ ತಂದೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮೂರು ತಿಂಗಳಿಗೆ ಎಲ್ಲವೂ ನಿಂತುಹೋಯಿತು. ಆ ಪ್ರಶ್ನೆಗೆ ಲಿಖಿತ ಉತ್ತರವಿರುವ ವ್ಯವಸ್ಥೆಯನ್ನು ನಾನು ತಮ್ಮಿಂದ ಕೇಳುತ್ತಿದ್ದೇನೆ.

ಅಂಥ ವ್ಯವಸ್ಥೆಗೆ ದೊಡ್ಡ ವೆಚ್ಚವಿಲ್ಲ. ಯಾವ ಜಾಗ, ಯಾವ ದಿನ, ಎಷ್ಟು ಹೊತ್ತು, ಬೀಗದ ಕೈ ಯಾರಿಂದ ಪಡೆದು ಯಾರಿಗೆ ಒಪ್ಪಿಸಬೇಕು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬಿಷ್ಟನ್ನು ಬರೆದ ಒಂದು ಪುಟದ ಒಪ್ಪಿಗೆ ಪತ್ರಕ್ಕೆ ಎರಡೂ ಕಡೆಯವರು ಸಹಿ ಹಾಕಲಿ. ಭಾವಚಿತ್ರವಿರುವ ಗುರುತಿನ ಚೀಟಿ ಕೊಡಿ. ಶಟಲ್ ಕಾಕ್, ಸುಣ್ಣದ ಪುಡಿ, ಬ್ಯಾಂಡೇಜಿನಂಥ ಸಣ್ಣ ಖರ್ಚಿಗೆ ರಸೀತಿ ತೋರಿಸಿ ಹಣ ಪಡೆಯುವ ದಾರಿಯಿರಲಿ, ಏಕೆಂದರೆ ಸಮಯವನ್ನೂ ಕೊಟ್ಟು ಜೇಬಿನಿಂದಲೂ ಕೊಡಬೇಕಾದರೆ ಉಳ್ಳವರು ಮಾತ್ರ ಸ್ವಯಂಸೇವಕರಾಗಿ ಉಳಿಯುತ್ತಾರೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ ಕಂತಿಗೆ ಅಪಘಾತದಿಂದ ಸಾವು ಅಥವಾ ಪೂರ್ಣ ಅಂಗವೈಕಲ್ಯ ಉಂಟಾದರೆ 2 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ದೊರೆಯುತ್ತದೆ. ನೋಂದಾಯಿಸುವಾಗಲೇ ಪ್ರತಿಯೊಬ್ಬರೂ ಅದರಲ್ಲಿ ಸೇರಿದ್ದಾರೆಯೇ ಎಂದು ನೋಡಬಹುದು. ಅದು ಸಾಮಾನ್ಯ ಆಸ್ಪತ್ರೆ ಖರ್ಚನ್ನು ಭರಿಸುವುದಿಲ್ಲವಾದ್ದರಿಂದ ಮಕ್ಕಳಿಗೂ ಸೇರಿ ಒಂದು ಗುಂಪು ವಿಮೆಯನ್ನು ನಗರಸಭೆ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇರಕೂಡದು. ಮಕ್ಕಳೊಂದಿಗೆ ಕೆಲಸ ಮಾಡುವ ಪ್ರತಿಯೊಬ್ಬರೂ, ಅವರು ಎಷ್ಟೇ ಪರಿಚಿತರಾಗಿರಲಿ, ನಿವೃತ್ತ ಶಿಕ್ಷಕಿಯೇ ಆಗಿರಲಿ, ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ತರಬೇಕು. ಯಾವ ಹೊತ್ತಿನಲ್ಲೂ ಇಬ್ಬರು ಹಿರಿಯರು ಒಟ್ಟಿಗೆ ಇರಬೇಕು. ಒಬ್ಬರೇ ಬಂದ ದಿನ ಬಾಗಿಲು ತೆರೆಯಲೇಬಾರದು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ಸ್ವಯಂಸೇವಕರಿಗೆ ಬಿಡಿಸಿ ಹೇಳಬೇಕು, ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಕಾಣುವ ಎತ್ತರದಲ್ಲಿ ಬರೆಸಬೇಕು. ಇದರಿಂದ ಕೆಲವರು ಮುನಿಸಿಕೊಂಡು ಹಿಂದೆ ಸರಿದರೆ ಸರಿಯಲಿ.

ಇನ್ನೊಂದು ವಿಷಯವನ್ನು ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ. ಸ್ವಯಂಸೇವಕರು ಸಿಕ್ಕರೆಂದು ಒಂದೇ ಒಂದು ಹುದ್ದೆಯನ್ನೂ ಕಡಿಮೆ ಮಾಡಬಾರದು. ಶೌಚಾಲಯ ಮತ್ತು ಅಂಗಳದ ಸ್ವಚ್ಛತೆ ಪೌರಕಾರ್ಮಿಕರ ಕೆಲಸ. ಅದಕ್ಕೆ ಅವರಿಗೆ ಸಂಬಳ, ಕೈಗವಸು, ಮಳೆಗಾಲದಲ್ಲಿ ರೈನ್‌ಕೋಟು ಸಲ್ಲಬೇಕು. ಈಜುಕೊಳದ ಜೀವರಕ್ಷಕ ತರಬೇತಿ ಪಡೆದ, ಸಂಬಳ ಪಡೆಯುವ ವ್ಯಕ್ತಿಯೇ ಆಗಿರಬೇಕು. ವಿದ್ಯುತ್ ತಂತಿ, ಜಿಮ್ ಉಪಕರಣಗಳ ದುರಸ್ತಿ, ರಾತ್ರಿ ಕಾವಲು ಇವುಗಳನ್ನು ಪುಕ್ಕಟೆ ದುಡಿಮೆಗೆ ಒಪ್ಪಿಸುವುದು ಅಪಾಯಕರ. ಸ್ವಯಂಸೇವಕರು ಸಿಬ್ಬಂದಿಯ ಕೆಲಸಕ್ಕೆ ಕೈಜೋಡಿಸಬಹುದೇ ಹೊರತು ಅವರ ಜಾಗದಲ್ಲಿ ನಿಲ್ಲಬಾರದು. ಹಾಗೆ ನಿಲ್ಲಿಸುವ ಸೂಚನೆ ಕಂಡರೆ ವಿರೋಧಿಸುವವರಲ್ಲಿ ನಾನೂ ಇರುತ್ತೇನೆ.

ಮೈದಾನ, ಉದ್ಯಾನಗಳು ನಗರಾಡಳಿತದ ಕರ್ತವ್ಯವೇ ಎಂಬ ಪ್ರಶ್ನೆ ಎದ್ದರೆ, 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಉದ್ಯಾನ, ತೋಟ, ಆಟದ ಮೈದಾನಗಳಂಥ ಸೌಕರ್ಯಗಳ ಹೆಸರೇ ಇದೆ. ಅಂಥ ಬಯಲುಗಳನ್ನು ಉಳಿಸಿಕೊಳ್ಳಲೆಂದೇ 1985ರಲ್ಲಿ ರಾಜ್ಯ ಒಂದು ಪ್ರತ್ಯೇಕ ಕಾಯ್ದೆಯನ್ನು ಮಾಡಿದೆ. ತೊಡಕಿರುವುದು ಹಂಚಿಕೆಯಲ್ಲಿ. ರಾಜಾಸೀಟು ಉದ್ಯಾನ ತೋಟಗಾರಿಕೆ ಇಲಾಖೆಯದು, ಕ್ರೀಡಾಂಗಣ ಕ್ರೀಡಾ ಇಲಾಖೆಯದು, ಶಾಲೆಯ ಅಂಗಳ ಶಿಕ್ಷಣ ಇಲಾಖೆಯದು, ಉಳಿದ ಕೆಲವು ತಮ್ಮವು. ಸ್ವಯಂಸೇವಕರು ನಾಲ್ಕು ಕಚೇರಿಗಳಿಗೆ ಅಲೆಯದಂತೆ ಈ ಇಲಾಖೆಗಳನ್ನು ಒಂದು ಬಾರಿ ಒಟ್ಟಿಗೆ ಕೂರಿಸಿ ಒಂದೇ ಪುಸ್ತಕವನ್ನು ಒಪ್ಪಿಕೊಳ್ಳುವಂತೆ ಮಾಡುವುದು ತಮ್ಮಿಂದ ಸಾಧ್ಯ.

ಕೊಡಗಿನ ಹಳ್ಳಿಗಳಲ್ಲಿ ಮಂದ್ ಎಂಬ ಬಯಲಿದೆ. ಸುಗ್ಗಿಯ ಹಬ್ಬವಾದ ಪುತ್ತರಿಯ ಕೋಲಾಟ ನಡೆಯುವ ಆ ಹುಲ್ಲಿನ ಅಂಗಳ ಯಾರೊಬ್ಬರ ಸ್ವತ್ತೂ ಅಲ್ಲ, ಊರಿನದು, ನಾಡಿನದು. ಅಲ್ಲಿ ಯಾರು ಮೊದಲು ಬರಬೇಕು, ಯಾರು ಮುಂದೆ ನಿಲ್ಲಬೇಕು ಎಂಬುದಕ್ಕೆ ಕಟ್ಟುಪಾಡಿದೆ, ತಕ್ಕರೆಂಬ ಊರ ಮುಖ್ಯಸ್ಥರಿದ್ದಾರೆ. ಪಟ್ಟಣದ ಆಟದ ಅಂಗಳಗಳಿಗೆ ಅಂಥ ಹೊಣೆಗಾರರಿಲ್ಲ. ಇಲ್ಲಿ ಕೊಡವ, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಕನ್ನಡ ಮಾತನಾಡುವ ಮನೆಗಳು ಅಕ್ಕಪಕ್ಕದಲ್ಲಿವೆ; ಕಟ್ಟಡ ಕೆಲಸಕ್ಕೂ ತೋಟದ ಕೆಲಸಕ್ಕೂ ದೂರದ ರಾಜ್ಯಗಳಿಂದ ಬಂದು ಸಾಲುಸಾಲಾಗಿ ಕಟ್ಟಿದ ಲೈನ್‌ಮನೆಗಳಲ್ಲಿರುವವರ ಮಕ್ಕಳಿದ್ದಾರೆ. ಆ ಮಕ್ಕಳು ಬೇಲಿಯಾಚೆ ನಿಂತು ನೋಡುತ್ತಾರೆಯೇ ಹೊರತು ಒಳಗೆ ಬರುವುದಿಲ್ಲ. ಅವರ ಭಾಷೆಯಲ್ಲಿ ನಾಲ್ಕು ಮಾತು ಬಲ್ಲ ಒಬ್ಬ ಸ್ವಯಂಸೇವಕ ಗೇಟಿನಲ್ಲಿ ನಿಂತು ಕರೆದರೆ ಅವರು ಬರುತ್ತಾರೆ. ಚೆಂಡು ಕಾಲಿಗೆ ಸಿಕ್ಕ ಮೇಲೆ ಅನುವಾದಕರ ಅಗತ್ಯ ಬೀಳುವುದಿಲ್ಲ. ಗಾಲಿಕುರ್ಚಿಯಲ್ಲಿ ಬರುವ ಮಗುವಿಗೆ ಬಾಗಿಲಲ್ಲಿ ಇಳಿಜಾರು ಹಾದಿ ಇದೆಯೇ ಎಂದೂ ನೋಡಿರಿ. ಅದು ತಮ್ಮ ಎಂಜಿನಿಯರರ ಕೆಲಸ.

ಇನ್ನು ನನ್ನ ಊರಿನವರಲ್ಲಿ ಒಂದು ವಿನಂತಿ. ಸೇನೆಯಿಂದ ನಿವೃತ್ತರಾಗಿ ಬಂದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂದು ನಾನು ಹೇಳಬೇಕಾಗಿಲ್ಲ. ಹೇಳಿದ ಹೊತ್ತಿಗೆ ಬರುವುದು ಅವರಿಗೆ ರಕ್ತಗತ. ಬ್ಯಾಂಕು, ಅಂಚೆ, ಶಾಲೆಗಳಿಂದ ನಿವೃತ್ತರಾದವರಿದ್ದಾರೆ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕಾಗಿರುತ್ತದೆ. ಅದರಲ್ಲಿ ಒಂದು ಪಾಲನ್ನು ಇಂಥ ಸರದಿಗೆ ಲೆಕ್ಕ ಹಾಕುವಂತೆ ಕಾಲೇಜುಗಳೊಂದಿಗೆ ಮಾತನಾಡಬಹುದು. ಒಂದು ದಿನ ಬಂದು ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ಹೋಗುವವರು ದಯವಿಟ್ಟು ಹೆಸರು ಬರೆಸಬೇಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬರಲಾಗುವುದಿಲ್ಲವೆಂದಾದರೆ ಅದನ್ನು ಮೊದಲೇ ಹೇಳಿರಿ, ಆಗ ಆ ಸರದಿಗೆ ಬೇರೆಯವರನ್ನು ಹೊಂದಿಸಲು ಸಾಧ್ಯವಾಗುತ್ತದೆ. ಹೇಳದೆ ತಪ್ಪಿಸಿಕೊಂಡ ಒಂದು ಸಂಜೆ ಜಗಲಿಯಲ್ಲಿ ಕಾಯುವ ಮಕ್ಕಳಿಗೆ ಏನೆನಿಸುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಡೀ ನಗರದಲ್ಲಿ ಒಮ್ಮೆಲೇ ಆರಂಭಿಸಿ ಎಂದು ನಾನು ಕೇಳುತ್ತಿಲ್ಲ. ಮುಂದಿನ ಮಳೆಗಾಲಕ್ಕೆ ಮುನ್ನ, ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಒಂದೇ ಒಂದು ಸಭಾಂಗಣವನ್ನು ಆರಿಸಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೂರು ತಿಂಗಳು, ವಾರದಲ್ಲಿ ಐದು ದಿನ, ಸಂಜೆ ನಾಲ್ಕರಿಂದ ಆರರವರೆಗೆ ಅದನ್ನು ತೆರೆದಿಡೋಣ. ದಿನಕ್ಕೆ ಇಬ್ಬರಂತೆ ಹತ್ತು ಮಂದಿ, ರಜೆಯಲ್ಲಿರುವವರ ಬದಲಿಗೆ ನಾಲ್ಕು ಮಂದಿ, ಒಟ್ಟು ಹದಿನಾಲ್ಕು ಹೆಸರು ಸಾಕು. ಪ್ರತಿ ಸಂಜೆ ಎಷ್ಟು ಮಕ್ಕಳು ಬಂದರು, ಅವರಲ್ಲಿ ಹುಡುಗಿಯರೆಷ್ಟು, ಎಷ್ಟು ದಿನ ಬಾಗಿಲು ತೆರೆಯಲಾಗಲಿಲ್ಲ, ಏಕೆ ಎಂಬುದನ್ನು ಹಾಜರಿ ಪುಸ್ತಕದಲ್ಲಿ ಬರೆದಿಡೋಣ. ಸೆಪ್ಟೆಂಬರ್‌ನಲ್ಲಿ ಆ ಪುಸ್ತಕವನ್ನು ತಮ್ಮ ಸಾಮಾನ್ಯ ಸಭೆಯ ಮುಂದಿಟ್ಟು, ಮುಂದುವರಿಸಬೇಕೇ ಬೇಡವೇ ಎಂದು ನಿರ್ಧರಿಸಬಹುದು.

ನನಗೆ ಮಂಗಳವಾರ ಮತ್ತು ಗುರುವಾರ ಅನುಕೂಲ. ಶಟಲ್, ಟೇಬಲ್ ಟೆನಿಸ್, ಥ್ರೋಬಾಲ್ ಹೇಳಿಕೊಡಬಲ್ಲೆ. ಮೊಣಕಾಲು ನೋವಿರುವುದರಿಂದ ಓಡುವ ಆಟಗಳಿಗೆ ಬೇರೆಯವರು ಬೇಕು. ಪೊಲೀಸ್ ಪರಿಶೀಲನೆಗೆ ಅರ್ಜಿ ಸಲ್ಲಿಸಲು ಸಿದ್ಧಳಿದ್ದೇನೆ. ನನ್ನೊಂದಿಗೆ ಬರಲು ಒಪ್ಪಿರುವ ಇನ್ನೂ ಮೂವರು ಹೆಂಗಸರಿದ್ದಾರೆ, ಅವರಲ್ಲಿ ಒಬ್ಬರು ನಿವೃತ್ತ ನರ್ಸ್. ಪುಸ್ತಕ ತೆರೆದ ದಿನ ತಿಳಿಸಿದರೆ ನಾವು ನಾಲ್ವರೂ ಕಚೇರಿಗೆ ಬಂದು ಸಹಿ ಹಾಕುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ,
ಮಡಿಕೇರಿ.